ಗೊತ್ತಿರುವ ಪದಗಳೇ ಎಡವಿಸುತ್ತವೆ

ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಕರುಣೆಯ ಬಗ್ಗೆ ಬರುವ ಮಾತು, ‘ಕ್ವಾಲಿಟಿ ಆಫ್ ಮರ್ಸಿ’ ಪಾಠ ಮಾಡುವಾಗ ಮೊದಮೊದಲು ಬೋರ್ಡಿನ ಮೇಲೆ ಕಠಿಣ ಪದಗಳ ಪಟ್ಟಿ ಬರೆಯುತ್ತಿದ್ದೆ. ಸೆಪ್ಟರ್ ಅಂದರೆ ರಾಜದಂಡ, ಮೊನಾರ್ಕ್ ಅಂದರೆ ದೊರೆ. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ಪ್ರಶ್ನೆ ಕೇಳಿದರೆ ಮಾತ್ರ ಗೈಡಿನ ಸಾಲುಗಳೇ ಬರುತ್ತಿದ್ದವು.

ಒಂದು ದಿನ ಒಬ್ಬ ಹುಡುಗಿಯ ನೋಟ್ಸ್ ನೋಡಿದೆ. ಮೊದಲ ಸಾಲಿನ ‘ಸ್ಟ್ರೇನ್ಡ್’ ಎದುರು ‘ಸೋಸಿದ’ ಎಂದಿತ್ತು. ಡಿಕ್ಷನರಿ ನೋಡಿಯೇ ಬರೆದಿದ್ದಳು, ತಪ್ಪು ಅವಳದಲ್ಲ. ಕರುಣೆ ಸೋಸಿದ್ದಲ್ಲ ಅಂದರೆ ಆ ಮಗುವಿಗೆ ಏನು ತಿಳಿಯಬೇಕು?

ಅರ್ಥ ಹೇಳಿಕೊಡುವ ಬದಲು ಕಥೆಯಲ್ಲಿ ಒಂದು ಹೆಜ್ಜೆ ಹಿಂದೆ ಹೋದೆ. ಸಾಲ ತೀರಿಸಲಾಗದ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಬೇಕೇ ಬೇಕೆಂದು ಶೈಲಾಕ್ ವೆನಿಸ್‌ನ ನ್ಯಾಯಾಲಯದಲ್ಲಿ ಹಟ ಹಿಡಿದಿದ್ದಾನೆ. ಗಂಡಸಿನ ವೇಷದಲ್ಲಿ ವಕಾಲತ್ತಿಗೆ ಬಂದ ಪೋರ್ಷಿಯಾ, ಹಾಗಾದರೆ ಶೈಲಾಕ್ ಕರುಣೆ ತೋರಲೇಬೇಕು ಅನ್ನುತ್ತಾಳೆ. ಯಾವ ಬಲವಂತಕ್ಕೆ ತೋರಬೇಕು, ಹೇಳು ಅಂತ ಅವನು ಸವಾಲು ಹಾಕುತ್ತಾನೆ. ಇದಕ್ಕೆ ಅವಳು ಏನೆಂದಿರಬಹುದು ಅಂತ ಕೇಳಿದೆ. ‘ಬಲವಂತ ಏನಿಲ್ಲ ಅಂದಿರ್ತಾಳೆ ಮಿಸ್’ ಎಂದು ಹಿಂದಿನ ಬೆಂಚಿನಿಂದ ಬಂತು. ‘ಸ್ಟ್ರೇನ್ಡ್’ ಅಂದರೆ ಅದೇ ಕಣೋ, ಬಲವಂತಕ್ಕೆ ಒಳಗಾದದ್ದು ಅಂದೆ. ಕರುಣೆ ಆಕಾಶದಿಂದ ಮೆಲ್ಲಗೆ ಸುರಿಯುವ ಮಳೆಯಂತೆ ಅನ್ನುವ ಮುಂದಿನ ಸಾಲನ್ನು ವಿವರಿಸಬೇಕಾಗಲೇ ಇಲ್ಲ. ಮಳೆಯೂ ಯಾರು ಹೇಳಿದರೆಂದು ಸುರಿಯುವುದಿಲ್ಲವಲ್ಲ.

ಅಂದಿನಿಂದ ಪಟ್ಟಿ ಬಿಟ್ಟೆ. ಸೆಪ್ಟರ್‌ನಂಥ ಪದ ಗೊತ್ತಿಲ್ಲವೆಂದು ಮಕ್ಕಳಿಗೇ ಗೊತ್ತಿರುತ್ತದೆ, ಹುಡುಕಿಕೊಳ್ಳುತ್ತಾರೆ. ಗೊತ್ತಿದೆ ಅಂದುಕೊಂಡ ಪದದ ಹತ್ತಿರ ಯಾರೂ ನಿಲ್ಲುವುದಿಲ್ಲ. ಅದಕ್ಕೇ ಈಗ ಅನುಮಾನದ ಪದವನ್ನು ಖಾಲಿ ಬಿಟ್ಟು ಸಾಲನ್ನು ಕನ್ನಡದಲ್ಲಿ ಹೇಳಿಸುತ್ತೇನೆ. ಕರುಣೆ ದೊರೆಗೆ ಕಿರೀಟಕ್ಕಿಂತ ಚೆನ್ನಾಗಿ ಏನು? ಆ ಖಾಲಿ ಜಾಗದ ‘ಬಿಕಮ್ಸ್’ಗೆ ‘ಆಗುತ್ತದೆ’ ಅಂತ ಹೇಳಿ ನೋಡುತ್ತಾರೆ, ಅದು ಸಾಲಿನಲ್ಲಿ ಕೂರುವುದಿಲ್ಲ. ಸ್ವಲ್ಪ ಹೊತ್ತಿಗೆ ಯಾರಾದರೂ ‘ಒಪ್ಪುತ್ತದೆ’ ಅನ್ನುತ್ತಾರೆ. ಆ ಕ್ಷಣಕ್ಕಾಗಿ ಎಷ್ಟು ಹೊತ್ತು ಬೇಕಾದರೂ ಕಾಯಬಹುದು.

‘ಸೀಸನ್ಸ್’ ಬಂದಾಗ ಎಲ್ಲರೂ ಮಳೆಗಾಲ, ಬೇಸಿಗೆ ಅಂದರು. ನ್ಯಾಯಕ್ಕೆ ಕರುಣೆ ಸೇರುವ ಮಾತಿದು ಅಂತ ಅಷ್ಟೇ ಹೇಳಿದೆ. ಒಬ್ಬಳು ಮೆಲ್ಲಗೆ, ‘ಸಾರಿಗೆ ಒಗ್ಗರಣೆ ಹಾಕ್ದಂಗಾ ಮಿಸ್?’ ಎಂದಳು. ಸಾರು ಸಾರಾಗೇ ಉಳಿಯುತ್ತದಲ್ಲ, ನ್ಯಾಯವೂ ಹಾಗೇ ಉಳಿಯುತ್ತಾ ಅಂತ ಇನ್ನೊಬ್ಬ ಕೇಳಿದ. ಆ ಪೀರಿಯಡ್ ಪೂರ್ತಿ ಆ ಪ್ರಶ್ನೆಯಲ್ಲೇ ಕಳೆಯಿತು. ಕಿರುಪರೀಕ್ಷೆಯಲ್ಲಿ ಆ ಹುಡುಗಿ ಇಂಗ್ಲಿಷಿನಲ್ಲಿ ಮೂರು ಪುಟ್ಟ ವಾಕ್ಯ ಬರೆದಿದ್ದಳು, ಎರಡರಲ್ಲಿ ವ್ಯಾಕರಣ ತಪ್ಪಿತ್ತು, ಒಗ್ಗರಣೆ ಮಾತ್ರ ಸರಿಯಾದ ಜಾಗದಲ್ಲಿತ್ತು. ಪೂರ್ತಿ ಅಂಕ ಕೊಟ್ಟೆ.