ಮಲೆನಾಡಿನ ಹಳ್ಳಿಯ ಕುಡಿಯುವ ನೀರಿಗೆ ಹಣ ಹೊಂದಿಸುವ ಕ್ರಮ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆಗಳು ಚದುರಿರುವುದರಿಂದ ಪೈಪಿನ ಖರ್ಚು ಹೆಚ್ಚು. ಆದ್ದರಿಂದ ಅಂದಾಜುಪಟ್ಟಿ ತಯಾರಿಸುವ ಮೊದಲು, ಗುಡ್ಡದ ಅಬ್ಬಿ (ಝರಿ) ನೀರು ಬೇಸಿಗೆಯಲ್ಲೂ ಸಾಕಾಗುವುದೇ ಎಂದು ಏಪ್ರಿಲ್–ಮೇ ತಿಂಗಳಲ್ಲಿ ಅಳೆದು ನೋಡಬೇಕು. ಇಳಿಜಾರಿನಲ್ಲಿ ತಾನಾಗಿ ಹರಿಯುವ ನೀರಿಗೆ ವಿದ್ಯುತ್ ಬಿಲ್ಲಿಲ್ಲ.

ಬಂಡವಾಳದ ಮುಖ್ಯ ಮೂಲವೆಂದರೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡಲು 2019ರಲ್ಲಿ ಆರಂಭವಾದ ಕೇಂದ್ರದ ಯೋಜನೆ ಜಲಜೀವನ್ ಮಿಷನ್. ದಿನಕ್ಕೆ ತಲಾ 55 ಲೀಟರ್ ಅದರ ಗುರಿ. ಅದರ ಮಾರ್ಗಸೂಚಿಯಂತೆ ಗ್ರಾಮದೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಮುದಾಯವು ಸಾಮಾನ್ಯವಾಗಿ ಶೇ. 10ರಷ್ಟನ್ನು, ಗುಡ್ಡಗಾಡು ಮತ್ತು ಅರಣ್ಯ ಪ್ರದೇಶಗಳಲ್ಲಿ ಶೇ. 5ರಷ್ಟನ್ನು ಭರಿಸಬೇಕಾಗಿದ್ದು, ಇದನ್ನು ಶ್ರಮದಾನದ ರೂಪದಲ್ಲಿಯೂ ಸಲ್ಲಿಸಬಹುದು. ಯಾವ ದರ ಅನ್ವಯಿಸುತ್ತದೆಂಬುದನ್ನು ಪಂಚಾಯಿತಿಯಿಂದ ಲಿಖಿತವಾಗಿ ಪಡೆಯುವುದು ಕ್ಷೇಮ.

ಯೋಜನೆಗಳು ಸೊರಗುವುದು ಹೆಚ್ಚಾಗಿ ನಿರ್ವಹಣೆಯ ಹಂತದಲ್ಲಿ. ನೀರುಗಂಟಿಯ ಸಂಬಳ, ಬ್ಲೀಚಿಂಗ್ ಪುಡಿ, ನೀರಿನ ಪರೀಕ್ಷೆ, ಮಳೆಗಾಲದಲ್ಲಿ ಕಿತ್ತುಹೋಗುವ ಪೈಪಿನ ದುರಸ್ತಿ ಇವೆಲ್ಲವನ್ನೂ ಕೂಡಿಸಿ, ಉದಾಹರಣೆಗೆ ವರ್ಷಕ್ಕೆ 1,08,000 ರೂಪಾಯಿ ಆಗುವುದಾದರೆ, 60 ಮನೆಗಳಿಗೆ ಹಂಚಿದಾಗ ತಿಂಗಳಿಗೆ 150 ರೂಪಾಯಿ ಬರುತ್ತದೆ. ಅಡಿಕೆ ಮಾರಾಟದ ಹೊತ್ತಿಗೆ ಇಡೀ ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟಲು ತೋಟದವರಿಗೆ ಅವಕಾಶ ಕೊಟ್ಟು, ಕೂಲಿ ಕುಟುಂಬಗಳಿಂದ ತಿಂಗಳಿಗೊಮ್ಮೆ ಪಡೆಯುವುದು ನ್ಯಾಯವೂ ಹೌದು, ವಸೂಲಿಗೂ ಸುಲಭ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯು ಈ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು.