ಕೊನೆಗೂ ಎರಡು ಗ್ಯಾಪ್ ಕಂಡವು: ನನ್ನ ಅನುಭವ

ಗ್ಯಾಪ್ ಎಂದರೆ ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್ ಜೋಡಿ ಬಿಡಿಸಲು ದಾಟಬೇಕಾದ ಶಕ್ತಿಯ ತಡೆ; ಅದಕ್ಕೆ ಸಾಲದ ಬೆಳಕು ಹೀರಿಹೋಗದೆ ಹಿಂದಿರುಗುತ್ತದೆ. "ಈ ಹರಳಿನಲ್ಲಿ ಇನ್‌ಫ್ರಾರೆಡ್‌ಗೆ ಗ್ಯಾಪ್ ಸಿಗಲ್ಲ, ಸುಮ್ಮನೆ ಹೀಲಿಯಂ ಸುರೀಬೇಡ" ಅಂತ ನಮ್ಮ ಗುಂಪಿನವರೇ ಹೇಳಿದ್ದರು. ಜರ್ಮನಿಯಲ್ಲಿ ಆಗ ಒಂದು ರನ್‌ಗೆ (ಒಮ್ಮೆ ತಣಿಸಿ ಅಳೆಯಲು) ಸುಮಾರು 40 ಲೀಟರ್ ದ್ರವ ಹೀಲಿಯಂ, ಅಂದರೆ ಏಳೆಂಟು ನೂರು ಯೂರೋ. ಅಂಥ ಹತ್ತು ರನ್ ಕೈಬಿಟ್ಟುಹೋದ ಮೇಲೆ ದಾರಿ ಸಿಕ್ಕಿತು.

ಸ್ಯಾಂಪಲ್ ಕೋಬಾಲ್ಟ್ ಬೆರೆಸಿದ ಬೇರಿಯಂ 122 (ಬೇರಿಯಂ-ಕಬ್ಬಿಣ-ಆರ್ಸೆನಿಕ್ ಸೂಪರ್‌ಕಂಡಕ್ಟರ್), ಟಿಸಿ (ಸೂಪರ್‌ಕಂಡಕ್ಟರ್ ಆಗುವ ತಾಪ) 25 ಕೆಲ್ವಿನ್ ಹತ್ತಿರ, ಅಗಲ ಹೆಚ್ಚೆಂದರೆ 3 ಮಿ.ಮೀ. ಮೊದಲು ಅಲ್ಯುಮಿನಾದಲ್ಲಿ ತಿಕ್ಕಿ ಕನ್ನಡಿ ಮಾಡಿದೆ. ಕಣ್ಣಿಗೆ ಚೆಂದ, ಆದರೆ 6 ಕೆಲ್ವಿನ್‌ಗಿಳಿದರೂ ರಿಫ್ಲೆಕ್ಟಿವಿಟಿ (ಬಿದ್ದ ಬೆಳಕಿನಲ್ಲಿ ಹಿಂದಿರುಗುವ ಪಾಲು) ಒಂದನ್ನು, ಅಂದರೆ ಪೂರ್ತಿಯನ್ನು, ಮುಟ್ಟಲಿಲ್ಲ. ತಿಕ್ಕಿದ ಮೇಲ್ಪದರವೇ ಕೆಟ್ಟಿತ್ತು. ಟೇಪ್ ಅಂಟಿಸಿ ಎಳೆದರೆ ಅಭ್ರಕದ ಹಾಗೆ ಪದರ ಏಳುತ್ತದೆ, ಆ ಹೊಸ ಮುಖವನ್ನೇ ಅಳೆಯಬೇಕು. ಎಳೆಯುವಾಗ ಎರಡು ಹರಳು ಪುಡಿಯಾದವು. ಈಗ ಹಾಗೆ ಆಗುವುದಿಲ್ಲ.

ಆಮೇಲೆ 230 ವೇವ್‌ನಂಬರ್ (ಒಂದು ಸೆಂ.ಮೀ.ಗೆ ಎಷ್ಟು ಅಲೆ ಎಂಬ ಲೆಕ್ಕ, ಬೆಳಕಿನ ಶಕ್ತಿಯ ಅಳತೆ) ಬಳಿ ರಿಫ್ಲೆಕ್ಟಿವಿಟಿಯಲ್ಲಿ ಒಂದು ಗುಳಿ ಬಿತ್ತು. ಹೊಸ ಫೋನಾನ್ (ಹರಳಿನ ಪರಮಾಣುಗಳ ಕಂಪನ) ಅಂತ ಎರಡು ವಾರ ಕುಣಿದಾಡಿದ್ದೆ. ಅದು ಹರಳಿನ ಮೇಲೆ ಕೂತ ಮಂಜುಗಡ್ಡೆ. ಹರಳಿನ ನಿಜವಾದ ಫೋನಾನ್ 253ರಲ್ಲಿ ತನ್ನ ಪಾಡಿಗೆ ನಿಂತಿತ್ತು. ಗಾಳಿಯ ತೇವ ಒಳಬಿಡುತ್ತಿದ್ದ ಓ-ರಿಂಗ್ (ರಬ್ಬರ್ ಬಳೆ) ಬದಲಿಸಿದ ಮೇಲೆ ಗುಳಿ ಹೋಯಿತು.

ಕೆಲಸ ಕೂಡಿಬಂದದ್ದು ಇಲ್ಲಿಂದ. ಕೋಣೆಯ ಶಾಖದಿಂದ ತಣಿದಾಗ ನಮ್ಮ ತಾಮ್ರದ ಕೋಲ್ಡ್ ಫಿಂಗರ್ (ಸ್ಯಾಂಪಲ್ ಹಿಡಿದು ತಣಿಸುವ ಕಡ್ಡಿ) ಅರ್ಧ ಮಿ.ಮೀ. ಕುಗ್ಗುತ್ತದೆ, ಸ್ಯಾಂಪಲ್ ಬೀಮ್‌ನಿಂದ ಸರಿಯುತ್ತದೆ. 30 ಕೆಲ್ವಿನ್‌ನ ಕೆಳಗೆ ತಾಮ್ರ ಹೆಚ್ಚೂಕಡಿಮೆ ಅಲುಗುವುದೇ ಇಲ್ಲ. ಹಾಗಾಗಿ 28 ಮತ್ತು 6 ಕೆಲ್ವಿನ್ ನಡುವೆ ಮಾತ್ರ ಹತ್ತಾರು ಸಲ ಹೋಗಿಬಂದು ಎರಡರ ರಿಫ್ಲೆಕ್ಟಿವಿಟಿಯ ಅನುಪಾತ ತೆಗೆದೆ. ಗದ್ದಲ ಶೇಕಡಾ 0.2ಕ್ಕೆ ಇಳಿಯಿತು. ಕೊನೆಗೆ ಅದೇ ಹರಳಿನ ಮೇಲೆ ತಣಿಸುವ ಪಾತ್ರೆಯೊಳಗೇ ಹೋಲಿಕೆಗೆಂದು ಚಿನ್ನ ಹಾಯಿಸಿ, ಅದೇ ತಾಪಗಳಲ್ಲಿ ಮತ್ತೆ ಅಳೆದೆ. ಟೇಪ್ ಎಳೆದರೆ ಚಿನ್ನವೂ ಹೋಗುತ್ತದೆ, ಹೊಸ ಮುಖವೂ ಸಿಗುತ್ತದೆ.

ನಡುವೆ ಪಾತ್ರೆಯ ಕಿಟಕಿಯೊಳಗೆ ಬೆಳಕು ಪುಟಿದು ಮೂಡುವ ಫ್ರಿಂಜ್ (ಸುಳ್ಳು ಅಲೆ) ಕೊಲ್ಲಲು ಕಿಟಕಿಯ ಪಾಲಿಪ್ರೊಪಿಲೀನನ್ನು ಕೈಯಲ್ಲೇ ಓರೆಯಾಗಿ ತಿಕ್ಕಿ ನೋಡಿದ್ದೆ. ಫ್ರಿಂಜ್ ಅರ್ಧಕ್ಕಿಳಿಯಿತು, ಅಷ್ಟು ಸಾಕಾಯಿತು.

ಕ್ರೇಮರ್ಸ್-ಕ್ರೋನಿಗ್ (ರಿಫ್ಲೆಕ್ಟಿವಿಟಿಯಿಂದ ಕಂಡಕ್ಟಿವಿಟಿ ತೆಗೆಯುವ ಲೆಕ್ಕ) ಮಾಡಿದಾಗ 50 ವೇವ್‌ನಂಬರ್‌ನ ಕೆಳಗೆ ಕಂಡಕ್ಟಿವಿಟಿ ನೆಲಕಚ್ಚಿತ್ತು, 120ರ ಸುತ್ತ ಇನ್ನೊಂದು ಏರು. ಜೋಡಿ ಬಿಡಿಸಲು ಗ್ಯಾಪ್‌ನ (ಡೆಲ್ಟಾ) ಎರಡರಷ್ಟು ಬೇಕು, ಅಂದರೆ ಡೆಲ್ಟಾ ಸುಮಾರು 3 ಮತ್ತು 7.4 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಆ ಎರಡರಷ್ಟನ್ನು ಟಿಸಿಯ ಶಾಖಶಕ್ತಿಗೆ ಹೋಲಿಸಿದರೆ ಒಂದು, ಹಳೆಯ ಸೂಪರ್‌ಕಂಡಕ್ಟರ್ ಸಿದ್ಧಾಂತವಾದ ಬಿಸಿಎಸ್‌ನ 3.5ಕ್ಕಿಂತ ಕೆಳಗೆ, ಇನ್ನೊಂದು ಅದರ ಎರಡರಷ್ಟು. "ಎರಡು ಗ್ಯಾಪ್ ಹಾಕಿದರೆ ಏನು ಬೇಕಾದರೂ ಕೂರುತ್ತೆ" ಅಂದವರಿಗೆ ಒಂದೇ ಗ್ಯಾಪ್‌ನ ಫಿಟ್ ತೋರಿಸಿದೆ, ಅದು 70ರಿಂದಲೇ ಡೇಟಾ ಬಿಟ್ಟು ಓಡುತ್ತದೆ. ಪ್ರಕಟವಾಗಿರುವ ಕೆಲವು ಅಂಕಿಗಳೂ ಇಷ್ಟೇ ಇವೆ.

ಮುಂದಿನ ಡ್ಯೂವರ್ (ಹೀಲಿಯಂ ಪಾತ್ರೆ) ಬಂದರೆ ಪೊಟ್ಯಾಸಿಯಂ ಬೆರೆಸಿದ ಹರಳು. ಅದರ ಟಿಸಿ 38, ಗ್ಯಾಪ್ ಮೇಲಕ್ಕೇರಿ ಬೋಲೋಮೀಟರ್ (ಇನ್‌ಫ್ರಾರೆಡ್ ಹಿಡಿಯುವ ಸಾಧನ) ಚೆನ್ನಾಗಿ ಕಾಣುವ ಜಾಗಕ್ಕೆ ಬರುತ್ತದೆ.