ಕೈಲಿ ತಿರುಗಿಸೋ ಪುಟ್ಟ ಡೈ ಕಟಿಂಗ್ ಮಷೀನ್ ಬಳಸೋದು ಹೇಗೆ
ಮಷೀನಿನ ಎರಡೂ ಕಡೆ ಜಾಗ ಬಿಡಿ, ಪ್ಲೇಟು ಆಚೆಯಿಂದ ಹೊರಗೆ ಬರ್ಬೇಕಲ್ಲ. ಕೆಳಗೆ ಪ್ಲಾಟ್‌ಫಾರ್ಮ್, ಅದರ ಮೇಲೆ ಕಟಿಂಗ್ ಪ್ಲೇಟು, ಆಮೇಲೆ ಡೈನ (ಅಂದ್ರೆ ಪೇಪರನ್ನ ಬೇಕಾದ ಆಕಾರಕ್ಕೆ ಕತ್ತರಿಸೋ ಲೋಹದ ಅಚ್ಚಿನ) ಹರಿತ ಅಂಚು ಮೇಲೆ ಬರೋ ಹಾಗಿಟ್ಟು ಪೇಪರ್ ಹಾಸಿ ಇನ್ನೊಂದು ಪ್ಲೇಟು ಮುಚ್ಚಿ, ಹ್ಯಾಂಡಲ್ ತಿರುಗಿಸಿ, ಅಷ್ಟೇ. ಚಟಚಟ ಅಂತ ಸದ್ದು ಬರತ್ತೆ, ಗಾಬರಿ ಬೇಡ, ಆದ್ರೆ ಹ್ಯಾಂಡಲ್ ಅಲ್ಲಾಡ್ಲೇ ಇಲ್ಲ ಅಂದ್ರೆ ಬಲ ಹಾಕ್ಬೇಡಿ, ಪದರ ಜಾಸ್ತಿಯಾಗಿರತ್ತೆ. ಜಾಲರಿ ತರ ಸಣ್ಣ ಡಿಸೈನ್ ಇದ್ರೆ ಡೈಗೂ ಪೇಪರಿಗೂ ನಡುವೆ ಒಂದು ತುಂಡು ಬಟರ್ ಪೇಪರ್ ಇಡಿ, ಇಲ್ಲಾಂದ್ರೆ ನನ್ನ ತರ ಸೂಜಿ ಹಿಡ್ಕೊಂಡು ಒಂದೊಂದೇ ಎಸಳು ಬಿಡಿಸ್ತಾ ಕೂರ್ಬೇಕಾಗತ್ತೆ. ಒಂದು ಮೂಲೆ ಸರಿಯಾಗಿ ಕಟ್ ಆಗ್ಲಿಲ್ವಾ, ಅಲ್ಲಿಗೆ ಮಾತ್ರ ತೆಳು ಹಾಳೆ ಸೇರಿಸಿ ಇನ್ನೊಂದ್ಸಲ ಓಡ್ಸಿ. ಪ್ಲೇಟು ಬಾಗ್ಬಾರ್ದು ಅಂದ್ರೆ ಆಗಾಗ ಮಗುಚಿ ಹಾಕ್ತಿರಿ.